ಕಾಲಳತೆ 26.8 ಸೆಂ.ಮೀ., ಬೇಕಿರುವುದು 7–8 ಸೆಂ.ಮೀ. ಹೀಲ್ಸ್: ಮುಂಬೈಯಲ್ಲಿ ಗಂಡಸರಿಗೆ ಸರಿಯಾದ ಜೋಡಿ ಹೇಗೆ ಆರಿಸುವುದು?

ಕಲ್ಯಾಣ್_ಸ್ಲೋ

ನಮಸ್ಕಾರ. ಸುತ್ತಿ ಬಳಸಿ ಹೇಳುವುದಿಲ್ಲ. ಗಂಡಸರು ಹೀಲ್ಸ್ ಹಾಕಿಕೊಂಡು ಹೊರಗೆ ಓಡಾಡುವ ಬಗ್ಗೆ ಪ್ರಶ್ನೆ. ವೇಷ ಬದಲಿಸುವುದೇನಿಲ್ಲ. ಪ್ಯಾಂಟು, ಷರ್ಟು, ಕಾಲಿಗೆ ಹೀಲ್ಸ್, ಅಷ್ಟೇ. ಯಾಕೆ ಅನ್ನುವ ಚರ್ಚೆ ಬೇರೆ ಕಡೆ ಬೇಕಾದಷ್ಟಿದೆ, ಇಲ್ಲಿ ಹೇಗೆ ಅನ್ನುವುದಷ್ಟೇ ಬೇಕು.

ಅಳತೆ ಕೊಡುತ್ತೇನೆ. ಬಲಗಾಲು 26.8 ಸೆಂ.ಮೀ., ಎಡಗಾಲು 26.5. ತೂಕ 78 ಕೆಜಿ. ಗಂಡಸರ ಶೂ ಯುಕೆ 8. ಬಾಂದ್ರಾ ಲಿಂಕಿಂಗ್ ರೋಡಿನ ಸಾಲಂಗಡಿಗಳಲ್ಲಿ ಲೇಡೀಸ್ ಮಾಲು ಹೆಚ್ಚಾಗಿ 40ಕ್ಕೋ 41ಕ್ಕೋ ನಿಂತುಬಿಡುತ್ತದೆ. 42 ಅಂತ ಇರುವ ಎರಡು ಜೋಡಿ ಸಿಕ್ಕಿವೆ: ಒಂದರಲ್ಲಿ ಕಿರುಬೆರಳು ನಜ್ಜುಗುಜ್ಜಾಗುತ್ತದೆ, ಇನ್ನೊಂದರಲ್ಲಿ ಬೆರಳಿಗೆ ಜಾಗ ಇದೆ ಆದರೆ ಹೆಜ್ಜೆ ಎತ್ತಿದರೆ ಹಿಮ್ಮಡಿ ಹೊರಗೆ ಬರುತ್ತದೆ. ಎರಡರ ಮೇಲೂ ಬರೆದಿರುವುದು 42. ಹೀಗೇಕೆ? ಮಾಡಿಸುವುದೇ ಮೇಲೋ? ಕೊಂಡ ಮೇಲೆ ರೈಲ್ವೆ ಪ್ಲಾಟ್‌ಫಾರ್ಮು, ಫುಟ್‌ಪಾತು, ಮಳೆ ಇವನ್ನೆಲ್ಲ ನಿಭಾಯಿಸುವುದು ಹೇಗೆ?

ಫರ್ಮಾ_ಕುರ್ಲಾ

ಎರಡೂ 42 ನಿಜವೇ, 42 ಅಂದವರು ಬೇರೆ ಬೇರೆ.

ಯುರೋಪಿನ ಲೆಕ್ಕದಲ್ಲಿ ಒಂದು ಸೈಜು ಅಂದರೆ ಸೆಂಟಿಮೀಟರಿನ ಮೂರರಲ್ಲಿ ಎರಡು ಪಾಲು, ಅಂದರೆ 6.67 ಮಿ.ಮೀ. ಕಾಲಿನ ಉದ್ದಕ್ಕೆ ಒಂದೂವರೆ ಸೆಂ.ಮೀ. ಕೂಡಿಸಿ, ಬಂದದ್ದನ್ನು ಒಂದೂವರೆಯಿಂದ ಗುಣಿಸಿದರೆ ಸೈಜು. ನಿಮ್ಮ ಬಲಗಾಲಿಗೆ 28.3 × 1.5, ಅಂದರೆ 42.45. ಚೀನಾದ ಲೆಕ್ಕ ಇನ್ನೂ ಸುಲಭ: ಉದ್ದವನ್ನು ಇಮ್ಮಡಿ ಮಾಡಿ ಹತ್ತು ಕಳೆಯಿರಿ. ಆಗ ನಿಮಗೆ 43.6. ಒಂದೇ ಕಾಲಿಗೆ ಒಂದು ಸೈಜಿಗಿಂತ ಹೆಚ್ಚು ವ್ಯತ್ಯಾಸ! ಒಳಗಡೆ ಅಥವಾ ಡಬ್ಬದ ಮೇಲೆ 260, 265, 270 ಅಂತ ಮೂರಂಕಿ ಅಚ್ಚಾಗಿದ್ದರೆ ಅದು ಮಿ.ಮೀ. ಲೆಕ್ಕ, ಅದು ಎಷ್ಟುದ್ದದ ಕಾಲಿಗೆ ಅನ್ನುವುದು. ನಂಬುವುದಾದರೆ ಅದನ್ನು ನಂಬಿ. ನಿಮಗೆ 270. ಯುಕೆ ಸೈಜಿನಲ್ಲಿ ಗಂಡಸರಿಗೂ ಹೆಂಗಸರಿಗೂ ಅಳತೆಗೋಲು ಒಂದೇ, ಅಮೆರಿಕದ್ದರಲ್ಲಿ ಮಾತ್ರ ಹೆಂಗಸರ ಅಂಕಿ ಒಂದೂವರೆಯಷ್ಟು ಮೇಲೆ ಓಡುತ್ತದೆ. ಆನ್‌ಲೈನಿನಲ್ಲಿ ಎಡವುವುದು ಇಲ್ಲೇ. ಹೆಂಗಸರ ಯುಎಸ್ 10 ನೋಡಿ "ಇದು ಬಹಳ ದೊಡ್ಡದು" ಅಂತ ಬಿಟ್ಟುಬಿಡುತ್ತಾರೆ, ಅದು ಗಂಡಸರ ಎಂಟೂವರೆ.

ಇನ್ನು ಅಗಲ. ಉದ್ದ ಒಂದೇ ಇದ್ದರೂ ಗಂಡಸಿನ ಪಾದ ಮುಂಭಾಗದಲ್ಲಿ ಅಗಲ, ಮೇಲೆ ಎತ್ತರ. ಹೆಂಗಸರ ಫರ್ಮಾ ಮೇಲೆ ಎಳೆದು ಮಾಡಿದ ಜೋಡಿ ಅದೇ ಉದ್ದದ ಗಂಡಸರ ಜೋಡಿಗಿಂತ ಸುತ್ತಳತೆಯಲ್ಲಿ ಒಂದು ಸೆಂ.ಮೀ.ವರೆಗೂ ಕಿರಿದಿರುತ್ತದೆ. (ಫರ್ಮಾ ಅಂದರೆ ಶೂ ಹೊಲಿಯುವಾಗ ಒಳಗಿಡುವ ಮರದ ಅಥವಾ ಪ್ಲಾಸ್ಟಿಕ್ ಕಾಲು.) ನಿಮ್ಮ ಮೊದಲ ಜೋಡಿಯ ರೋಗ ಇದು. ಎರಡನೆಯದರ ರೋಗವೂ ಇದೇ, ಮದ್ದು ತಪ್ಪಿದೆ ಅಷ್ಟೇ. ಅಗಲ ಸಾಲದು ಅಂತ ಉದ್ದದ್ದು ತೆಗೆದುಕೊಂಡರೆ ಚಪ್ಪಲಿ ಮಡಿಯುವ ಜಾಗ ನಿಮ್ಮ ಹೆಬ್ಬೆರಳ ಬುಡಕ್ಕಿಂತ ಮುಂದಕ್ಕೆ ಹೋಗುತ್ತದೆ. ಇಳಿಜಾರಿನಲ್ಲಿ ಕಾಲು ಅಲ್ಲಿಯವರೆಗೆ ಜಾರುತ್ತದೆ, ಹಿಂದೆ ಜಾಗ ಖಾಲಿ ಬೀಳುತ್ತದೆ, ಹಿಮ್ಮಡಿ ಹೊರಗೆ.

ಅಳತೆ ತೆಗೆಯುವ ಕ್ರಮ: ಸಂಜೆ ತೆಗೆಯಿರಿ, ಹೊತ್ತು ಇಳಿದ ಹಾಗೆ ಕಾಲು ಉಬ್ಬಿರುತ್ತದೆ. ಗೋಡೆಗೆ ಹಿಮ್ಮಡಿ ಒತ್ತಿ ಹಾಳೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೀರಬೇಕು, ಒಳಗೆ ವಾಲಿಸಿದರೆ ಅಳತೆ ಕಡಿಮೆ ಬರುತ್ತದೆ. ಆಮೇಲೆ ದರ್ಜಿಯ ಟೇಪಿನಲ್ಲಿ ಮೂರು ಸುತ್ತಳತೆ. ಹೆಬ್ಬೆರಳ ಬುಡದ ಉಬ್ಬಿನಿಂದ ಕಿರುಬೆರಳ ಬುಡದ ಉಬ್ಬಿಗೆ ಒಂದು. ಪಾದದ ನಡು ಮೇಲುಬ್ಬಿಗೆ ಇನ್ನೊಂದು. ಬೂಟು ಬೇಕಾದರೆ ಹಿಮ್ಮಡಿಯಿಂದ ಕಣಕಾಲಿನ ಮುಂಮಡಿಕೆಗೆ ಓರೆಯಾಗಿ ಮೂರನೆಯದು. ಇದು ತಪ್ಪಿದರೆ ಜಿಪ್ ಏರುವುದಿಲ್ಲ.

ಮಾಡಿಸುವ ಮಾತು. ಕುರ್ಲಾ–ಚೆಂಬೂರು ನಡುವಿನ ಠಕ್ಕರ್ ಬಾಪ್ಪಾ ಕಾಲೋನಿಯಲ್ಲಿ ಗಲ್ಲಿಗೊಂದು ಕಾರ್ಖಾನೆ. ಆದರೆ ಅಲ್ಲಿನ ವ್ಯವಹಾರ ಡಜನ್ ಲೆಕ್ಕದ ಹೋಲ್‌ಸೇಲ್. ಒಂಟಿ ಜೋಡಿಗೆ ಒಪ್ಪುವ ಕಾರಿಗರ ಸಿಕ್ಕರೂ ಮೊದಲ ಪ್ರಶ್ನೆ ದರದ್ದಲ್ಲ. "ಈ ಎತ್ತರದ ಹೀಲಿಗೆ 43ರ ಫರ್ಮಾ ಇದೆಯಾ?" ಅನ್ನುವುದು. ಯಾಕೆಂದರೆ ಪ್ರತಿ ಫರ್ಮಾನೂ ಒಂದು ನಿರ್ದಿಷ್ಟ ಹೀಲ್ ಎತ್ತರಕ್ಕೇ ಕೊರೆದದ್ದು, ಅಡಿಯ ಬಾಗು ಅದಕ್ಕೆ ತಕ್ಕಂತೆ ಇರುತ್ತದೆ. ಗಂಡಸರ 2.5 ಸೆಂ.ಮೀ. ಫರ್ಮಾದ ಮೇಲೆ ಎಳೆದ ಶೂಗೆ 7 ಸೆಂ.ಮೀ. ಹೀಲ್ ಬಡಿದುಕೊಟ್ಟರೆ ಹೊರಗಿಂದ ಚೆನ್ನಾಗೇ ಕಾಣುತ್ತದೆ. ಕಾಲಿಟ್ಟರೆ ಭಾರವೆಲ್ಲ ಬೆರಳ ಬುಡದ ಒಂದೇ ಗೆರೆ ಮೇಲೆ ಬಿದ್ದು, ಹೀಲಿನ ತುದಿ ನೆಲಕ್ಕೆ ಓರೆಯಾಗಿ ಕೂರುತ್ತದೆ. "ನಿಮ್ಮ ಹಳೇ ಶೂಗೇ ಹೀಲ್ ಏರಿಸಿಕೊಡ್ತೀನಿ" ಅಂದವರಿಂದ ದೂರ ಇರಿ. ಹೆಚ್ಚೆಂದರೆ ಐದಾರು ಮಿ.ಮೀ. ಏರಿಸಬಹುದು, ಅದಕ್ಕಿಂತ ಮೇಲೆ ಹೋದರೆ ಜೋಡಿ ಕೆಟ್ಟಿತು.

ಸಿದ್ಧ ಜೋಡಿ ಕೊಳ್ಳುವಾಗ ಅಂಗಡಿಯಲ್ಲೇ ನಾಲ್ಕು ಪರೀಕ್ಷೆ ಮಾಡಬಹುದು. ಗಾಜಿನ ಕೌಂಟರ್ ಮೇಲಿಟ್ಟು ಹೀಲಿನ ತುದಿಯ ರಬ್ಬರು ಪೂರ್ತಿ ಕೂತಿದೆಯಾ ನೋಡಿ. ಒಂದು ಅಂಚು ಎದ್ದಿದ್ದರೂ ವಾಪಸ್. ಹಿಂದಿನಿಂದ ನೋಡಿದರೆ ಎರಡೂ ಹೀಲು ಲಂಬ ಇರಬೇಕು. ಹೀಲನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಬುಡದಲ್ಲಿ ಕೂದಲೆಳೆ ಸಂದು ಬಾಯಿಬಿಟ್ಟರೆ ಮೊಳೆ ಸಡಿಲ. ಕೊನೆಯದು ನಿಮ್ಮಂಥವರಿಗೆ ಮುಖ್ಯ: ಅಂಗಾಲಿನ ಕಮಾನು ಬರುವ ಜಾಗವನ್ನು, ಅಂದರೆ ಶೂ ಸೊಂಟವನ್ನು, ಮೇಲಿಂದ ಹೆಬ್ಬೆರಳಲ್ಲಿ ಬಲವಾಗಿ ಒತ್ತಿ. ಒಳಗೊಂದು ಉಕ್ಕಿನ ಪಟ್ಟಿ ಇರುತ್ತದೆ, ಶ್ಯಾಂಕ್ ಅನ್ನುತ್ತಾರೆ. ಹೀಲಿಗೂ ಮುಂಭಾಗಕ್ಕೂ ನಡುವೆ ಸೇತುವೆಯ ಹಾಗೆ ಭಾರ ಹೊರುವುದು ಅದೇ. ಅಗ್ಗದ ಮಾಲಿನಲ್ಲಿ 38ಕ್ಕೆ ಹಾಕುವ ಪಟ್ಟಿಯನ್ನೇ 42ಕ್ಕೂ ಹಾಕಿರುತ್ತಾರೆ, ಸೇತುವೆ ಗಿಡ್ಡವಾಗುತ್ತದೆ. ಒತ್ತಿದಾಗ ಸೊಂಟ ಕುಸಿದರೆ 78 ಕೆಜಿಗೆ ಅದು ತಿಂಗಳೊಪ್ಪತ್ತಿನ ಮಾತು. ಮುರಿಯುವ ಮೊದಲು ಹೀಲು ಒಳಗೆ ಮಡಚಿಕೊಳ್ಳಲು ಶುರುವಾಗುತ್ತದೆ.

ಎತ್ತರದ ಬಗ್ಗೆ ಒಂದು ಲಾಭದ ಮಾತು. ಹಿಮ್ಮಡಿಯಿಂದ ಬೆರಳ ಬುಡಕ್ಕೆ ಇರುವ ದೂರ ಪಾದದ ಉದ್ದದ ಶೇ. 72ರ ಆಸುಪಾಸು. ನಿಮ್ಮದು 19.3 ಸೆಂ.ಮೀ., 37 ಸೈಜಿನವರದು 17ರ ಹತ್ತಿರ. ಅದೇ 7.5 ಸೆಂ.ಮೀ. ಹೀಲು ಅವರಿಗೆ 26 ಡಿಗ್ರಿ ಇಳಿಜಾರು, ನಿಮಗೆ 23. ಅವರು 7.5ರಲ್ಲಿ ಅನುಭವಿಸುವ ಇಳಿಜಾರು ನಿಮಗೆ ಬರುವುದು ಎಂಟೂವರೆಯಲ್ಲಿ. ಕಾಲು ಉದ್ದ ಅನ್ನುವುದು ಇಲ್ಲಿ ನಷ್ಟವಲ್ಲ.

ತಾಳಮದ್ದಳೆ_ಥಾಣೆ

ಅಳತೆ ಬಗ್ಗೆ ಕುರ್ಲಾದವರು ಹೇಳಿದ ಮೇಲೆ ನಾನು ಹೇಳುವುದೇನೂ ಉಳಿದಿಲ್ಲ. ನಡಿಗೆ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಜನ ತಿರುಗಿ ನೋಡುವುದು ಹೀಲ್ಸ್ ಕಂಡಲ್ಲ ಮಾರಾಯ್ರೆ, ಮೊಣಕಾಲು ಮಡಚಿ ಕೆಸರಲ್ಲಿ ನಡೆದಂತೆ ನಡೆಯುವವನನ್ನು ಕಂಡು.

ಶುರುವಿಗೇ 8 ಬೇಡ. ನಾಲ್ಕೈದು ಸೆಂ.ಮೀ.ನ ಕ್ಯೂಬನ್ ಹೀಲ್ (ಗಿಡ್ಡ, ದಪ್ಪ ಹೀಲು) ಬೂಟು ಗಂಡಸರ ಸೈಜಿನಲ್ಲೇ ಸಿಗುತ್ತದೆ. ಲ್ಯಾಟಿನ್ ಡ್ಯಾನ್ಸಿನ ಗಂಡಸರ ಶೂಗೂ ಸಾಮಾನ್ಯವಾಗಿ ಒಂದೂವರೆ ಇಂಚು ಹೀಲ್ ಇರುತ್ತದೆ. ಆದರೆ ಡ್ಯಾನ್ಸ್ ಶೂ ಅಡಿಗೆ ಸ್ಯೂಡ್ ಚರ್ಮ ಇರುತ್ತದೆ, ರಸ್ತೆಗೆ ಇಳಿಸಿದರೆ ಅಂದೇ ಹಾಳು. ಎರಡು ವಾರ 4ರಲ್ಲಿ, ಆಮೇಲೆ 5.5, ಆಮೇಲೆ 7. ಮೊದಮೊದಲು ದಿನಕ್ಕೆ 20 ನಿಮಿಷ, ಮೊಸಾಯಿಕ್ ಅಥವಾ ಟೈಲ್ಸ್ ನೆಲದಲ್ಲಿ. ಕಾರ್ಪೆಟ್ ಮೇಲೆ ಅಭ್ಯಾಸ ಮಾಡಿದರೆ ಹೀಲು ಹೂತು ಅಭ್ಯಾಸವಾಗುತ್ತದೆ, ಗಟ್ಟಿ ನೆಲದಲ್ಲಿ ತಾಳ ತಪ್ಪುತ್ತದೆ.

ನಿಂತಾಗ ಭಾರ ಹಿಮ್ಮಡಿ ಮೇಲೆ ಇರಲಿ. ಹೊಸಬರು ಬೆರಳ ಮೇಲೆ ತೂಗಿಬಿಟ್ಟು ಹತ್ತು ನಿಮಿಷಕ್ಕೆ ಅಂಗಾಲು ಉರಿ ಅನ್ನುತ್ತಾರೆ. ನಡೆಯುವಾಗ ಹೀಲು ಮೊದಲು, ಅದರ ಹಿಂದೆಯೇ ಮುಂಗಾಲು. ಎರಡರ ನಡುವೆ ಅಂತರ ಬಹಳ ಕಡಿಮೆ, ಹೆಚ್ಚುಕಡಿಮೆ ಒಂದೇ ಪೆಟ್ಟು. ಚಪ್ಪಟೆ ಶೂನಲ್ಲಿ ಹಾಕುವ ದೊಡ್ಡ ಹೆಜ್ಜೆ ಹಾಕಿದರೆ ಹೀಲಿನ ಹಿಂದಂಚು ಓರೆಯಾಗಿ ಬಡಿದು ಕಾಲು ಮುಂದಕ್ಕೆ ಜಾರುತ್ತದೆ, ಆದ್ದರಿಂದ ಹೆಜ್ಜೆ ಕಾಲು ಭಾಗದಷ್ಟಾದರೂ ಗಿಡ್ಡವಾಗಬೇಕು. ಮೊಣಕಾಲು ಕೆಳಗಿಡುವ ಕ್ಷಣದಲ್ಲಿ ನೆಟ್ಟಗಿರಲಿ. ಕಣ್ಣು ಮೂರು ನಾಲ್ಕು ಮೀಟರ್ ಮುಂದೆ, ಪಾದದ ಮೇಲಲ್ಲ. ರ‍್ಯಾಂಪಿನವರ ಹಾಗೆ ಒಂದೇ ಗೆರೆ ಮೇಲೆ ಕಾಲು ದಾಟಿಸುವುದು ಬೇಡವೇ ಬೇಡ, ಕಣಕಾಲು ತಿರುಚುವುದು ಅದರಿಂದಲೇ. ಎರಡು ಪಾದದ ನಡುವೆ ನಾಲ್ಕು ಬೆರಳು ಜಾಗ ಇಟ್ಟುಕೊಳ್ಳಿ.

ಮೆಟ್ಟಿಲು ಹತ್ತುವಾಗ ಮುಂಗಾಲು ಪೂರ್ತಿ ಮೆಟ್ಟಿಲ ಮೇಲೆ, ಹೀಲು ಹೊರಗೆ ಗಾಳಿಯಲ್ಲಿದ್ದರೂ ಅಡ್ಡಿಯಿಲ್ಲ. ಇಳಿಯುವಾಗ ಲೆಕ್ಕ ತಿರುಗುಮುರುಗು: ಪಾದ ಸ್ವಲ್ಪ ಓರೆ ಮಾಡಿ ಹೀಲು ಸಹಿತ ಪೂರ್ತಿ ಪಾದ ಕೂರಬೇಕು, ಒಂದು ಕೈ ರೇಲಿಂಗ್ ಮೇಲೆ.

ಬಿಚ್ಚಿದ ಮೇಲೆ ಮೀನಖಂಡ ಎಳೆಯುವುದನ್ನು ತಪ್ಪಿಸಬೇಡಿ. ಗೋಡೆಗೆ ಕೈ ಕೊಟ್ಟು ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೊತ್ತಿ 30 ಸೆಕೆಂಡು, ಕಾಲಿಗೆ ಮೂರು ಸಲ. ವರ್ಷಗಟ್ಟಲೆ ದಿನವೂ ಎತ್ತರದ ಹೀಲು ಹಾಕಿದವರಲ್ಲಿ ಮೀನಖಂಡದ ಸ್ನಾಯು ಗಿಡ್ಡವಾಗಿ ಹಿಮ್ಮಡಿಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಬಿಗಿಯಾಗುತ್ತದೆ. ಆಮೇಲೆ ಬರಿಗಾಲಲ್ಲಿ ನಡೆದರೂ ನೋವು. ದಿನ ಬಿಟ್ಟು ದಿನ ಹಾಕಿದರೆ ಸಾಕು. ಮೂರನೇ ನಾಲ್ಕನೇ ಬೆರಳ ನಡುವೆ ಜೋಮು ಅಥವಾ ಉರಿ ಬಂದರೆ ಅದು ಅಭ್ಯಾಸದಿಂದ ಹೋಗುವಂಥದ್ದಲ್ಲ, ನರ ಒತ್ತಿಕೊಳ್ಳುತ್ತಿದೆ, ಆ ಜೋಡಿ ಬಿಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಂತೂ ಈ ಸಾಹಸಕ್ಕೆ ಇಳಿಯಬಾರದು, ಬೊಬ್ಬೆ ಎದ್ದದ್ದೇ ಗೊತ್ತಾಗುವುದಿಲ್ಲ.

ಜನ ಏನೆನ್ನುತ್ತಾರೆ ಅನ್ನುವುದಕ್ಕೆ ಒಂದೇ ಮಾತು. ಹೀಲು ಹುಟ್ಟಿದ್ದೇ ಗಂಡಸಿನ ಕಾಲಿಗೆ. ಪರ್ಷಿಯಾದ ಕುದುರೆ ಸವಾರರು ರಿಕಾಪಿನಲ್ಲಿ ಕಾಲು ಸಿಕ್ಕಿಸಿ ಎದ್ದು ನಿಂತು ಬಾಣ ಬಿಡುವುದಕ್ಕೆ ಹಾಕುತ್ತಿದ್ದದ್ದು; ಫ್ರಾನ್ಸಿನ 14ನೇ ಲೂಯಿ ಕೆಂಪು ಹೀಲು ಹಾಕಿ ನಿಂತ 1701ರ ಚಿತ್ರ ಇವತ್ತಿಗೂ ಇದೆ. ಗಂಡಸರ ಸ್ತ್ರೀವೇಷಕ್ಕೆ ರಾತ್ರಿಯಿಡೀ ಕೂತು ತಲೆದೂಗುವ ನಮ್ಮವರು ಮೂರು ಇಂಚಿನ ಹೀಲಿಗೆ ಹುಬ್ಬೇರಿಸಿದರೆ ಏನು ಹೇಳುವುದು.

ಕಲ್ಯಾಣ್_ಸ್ಲೋ

ಇಬ್ಬರಿಗೂ ಧನ್ಯವಾದ. ಅಳತೆ ತೆಗೆದೆ, ಮುಂಗಾಲ ಸುತ್ತಳತೆ 25.3. ಒಂದು ಕಣಕಾಲುದ್ದದ ಬೂಟು ಕಣ್ಣಿಗೆ ಬಿದ್ದಿದೆ: 270 ಅಂತ ಅಚ್ಚಿದೆ, ಹೀಲು 9.5, ಮುಂದೆ 2 ಸೆಂ.ಮೀ. ಪ್ಲಾಟ್‌ಫಾರ್ಮ್ ಅಡಿ (ಮುಂಗಾಲ ಕೆಳಗಿನ ದಪ್ಪ ಅಡಿ). ಸೊಂಟ ಒತ್ತಿದರೆ ಅಲ್ಲಾಡುವುದಿಲ್ಲ. ಕಿರುಬೆರಳ ಕಡೆ ಮಾತ್ರ ಸ್ವಲ್ಪ ಬಿಗಿ. ತೆಗೆದುಕೊಂಡು ಹಿಗ್ಗಿಸಬಹುದಾ? ಜೆಲ್ ಪ್ಯಾಡ್ ಹಾಕಬೇಕಾ?

ಫರ್ಮಾ_ಕುರ್ಲಾ

9.5ರಲ್ಲಿ 2 ಕಳೆದರೆ ನಿಮ್ಮ ಕಾಲಿಗೆ ಬೀಳುವ ಇಳಿಜಾರು ಏಳೂವರೆಯದೇ. ಎತ್ತರ ಕಾಣುತ್ತದೆ, ನೋವು ಕಡಿಮೆ. ಆದರೆ ಪ್ಲಾಟ್‌ಫಾರ್ಮ್ ಅಡಿ ಮಡಿಯುವುದಿಲ್ಲ, ಕಲ್ಲು ಮೆಟ್ಟಿದರೂ ಪಾದಕ್ಕೆ ಸುದ್ದಿ ಮುಟ್ಟುವುದು ತಡ. ಎರಡು ಸೆಂ.ಮೀ. ಪರವಾಗಿಲ್ಲ, ಅದಕ್ಕಿಂತ ದಪ್ಪ ಬೇಡ.

ಹಿಗ್ಗುವುದು ಅಗಲಕ್ಕೆ ಮಾತ್ರ, ಉದ್ದಕ್ಕಲ್ಲ. ಅದೂ ಅಸಲಿ ಚರ್ಮವಾದರೆ. ಮೋಚಿ ಹತ್ತಿರ ತಿರುಪಿನ ಮರದ ಕಾಲು ಇರುತ್ತದೆ, ಚರ್ಮಕ್ಕೆ ಹದ ಮಾಡುವ ದ್ರಾವಣ ಹಚ್ಚಿ ಒಂದು ರಾತ್ರಿ ಬಿಟ್ಟರೆ ಮೂರು ನಾಲ್ಕು ಮಿ.ಮೀ. ಬಿಡುತ್ತದೆ. ರೆಕ್ಸಿನ್ ಆದರೆ ಎಳೆದಾಗ ಹಿಗ್ಗಿದಂತೆ ಮಾಡಿ ಮರುದಿನ ಹಳೇ ಜಾಗಕ್ಕೇ ಬರುತ್ತದೆ, ಇಲ್ಲವೇ ಹೊಲಿಗೆ ಪಕ್ಕ ಬಿರಿಯುತ್ತದೆ. ನೀರು ತುಂಬಿದ ಚೀಲ ಇಟ್ಟು ಫ್ರೀಜರಿನಲ್ಲಿಡುವ ಉಪಾಯ ಎಲ್ಲ ಕಡೆ ಓಡಾಡುತ್ತಿದೆ. ಚೀಲ ಒಡೆದರೆ ಒಳಗಿನ ರಟ್ಟು ನೆನೆದು ಊದುತ್ತದೆ, ಸಲೂಷನ್ (ಅಂಟು) ಬಿಡುತ್ತದೆ, ಹೀಲಿನ ಬುಡ ಸಡಿಲವಾಗುತ್ತದೆ. ಮಾಡಬೇಡಿ.

ಪ್ಯಾಡಿನ ವಿಷಯದಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ನೋಯುವುದು ಬೆರಳ ಬುಡ, ಆದ್ದರಿಂದ ಅಲ್ಲೇ ದಪ್ಪ ಜೆಲ್ ಅಂಟಿಸುತ್ತಾರೆ. ಮೊದಲೇ ಬಿಗಿ ಇರುವ ಜಾಗದಲ್ಲಿ 3 ಮಿ.ಮೀ. ಜೆಲ್ ಕೂತರೆ ಸುತ್ತಳತೆ ಇನ್ನೂ ಕಡಿಮೆ, ಬೆರಳು ಮೇಲಿನ ಚರ್ಮಕ್ಕೆ ಉಜ್ಜಿ ಆಣಿ ಏಳುತ್ತದೆ. ಹಾಕಬೇಕಾದದ್ದು ಬೇಳೆಯಾಕಾರದ ಸಣ್ಣ ಉಬ್ಬು, ಬೆರಳ ಬುಡದ ಮೂಳೆಗಳಿಗಿಂತ ಒಂದು ಬೆರಳಗಲ ಹಿಂದೆ. ಅದು ಮೂಳೆಗಳನ್ನು ಎತ್ತಿ ಹರಡುತ್ತದೆ, ಭಾರ ಹಂಚಿಹೋಗುತ್ತದೆ. ಜಾಗ ಗುರುತಿಸಲು: ಅಂಗಾಲಿನಲ್ಲಿ ಬೆರಳ ಬುಡದ ಮೂಳೆಗಳ ಮೇಲೆ ಲಿಪ್‌ಸ್ಟಿಕ್ ಚುಕ್ಕಿ ಹಚ್ಚಿ ಒಮ್ಮೆ ಮೆಟ್ಟಿ ಬಿಚ್ಚಿ, ಒಳಗೆ ಬಿದ್ದ ಗುರುತಿನ ಹಿಂದೆ ಅಂಟಿಸಿ.

ನಿಮ್ಮ ಎರಡು ಕಾಲಿಗೆ 3 ಮಿ.ಮೀ. ವ್ಯತ್ಯಾಸ. ದೊಡ್ಡ ಕಾಲಿಗೆ ಕೊಳ್ಳಿ, ಚಿಕ್ಕದಕ್ಕೆ ಹಿಮ್ಮಡಿ ಹಿಂದೆ ತೆಳ್ಳಗಿನ ಸ್ಯೂಡ್ ಪಟ್ಟಿ. ಬೂಟಿನಲ್ಲಿ ಲೇಸು ಅಥವಾ ಕಣಕಾಲ ಪಟ್ಟಿ ಇದ್ದರೆ ಈ ಗೋಜೇ ಇಲ್ಲ, ಕಾಲು ಮುಂದೆ ಜಾರುವುದನ್ನು ಪಟ್ಟಿಯೇ ತಡೆಯುತ್ತದೆ. ನಿಮ್ಮ ಪಾದಕ್ಕೆ ಲೇಸು, ಪಟ್ಟಿ ಏನೂ ಇಲ್ಲದ ತೆರೆದ ಪಂಪ್ ಶೂ ಕೊನೆಯ ಆಯ್ಕೆ ಆಗಲಿ.

ಅಂಧೇರಿ_ಬ್ರಿಜ್

ರಸ್ತೆ ಬಗ್ಗೆ. ಮೊದಲು ಹೀಲಿನ ದಪ್ಪ ನಿಶ್ಚಯಿಸಿ, ಉಳಿದದ್ದು ಅದರ ಹಿಂದೆ ಬರುತ್ತದೆ. 78 ಕೆಜಿ ಭಾರ 1 ಚ.ಸೆಂ.ಮೀ. ತುದಿಯ ಪೆನ್ಸಿಲ್ ಹೀಲ್ ಮೇಲೆ ಬಿದ್ದರೆ ಅಲ್ಲಿ ಚ.ಸೆಂ.ಮೀ.ಗೆ 78 ಕೆಜಿ. 4 × 4ರ ಚೌಕ ಹೀಲ್ ಆದರೆ ಐದು ಕೆಜಿಗೂ ಕಡಿಮೆ. ಮುಂಬೈ ಫುಟ್‌ಪಾತಿನ ಪೇವರ್ ಬ್ಲಾಕ್ ಸಂದಿಗೆ ಮೊದಲನೆಯದು ಮೊಳೆಯ ಹಾಗೆ ಇಳಿಯುತ್ತದೆ, ಎರಡನೆಯದು ದಾಟಿಹೋಗುತ್ತದೆ. ಗಟಾರದ ಜಾಲಿ, ಮ್ಯಾನ್‌ಹೋಲಿನ ತೂತು, ಎಸ್ಕಲೇಟರಿನ ಗೀರು (ಸುಮಾರು 6–7 ಮಿ.ಮೀ. ಅಗಲ) ಎಲ್ಲದಕ್ಕೂ ಇದೇ ನ್ಯಾಯ. ಎಸ್ಕಲೇಟರಿನಲ್ಲಿ ಭಾರ ಮುಂಗಾಲಿಗೆ ಬಿಟ್ಟು, ಇಳಿಯುವಾಗ ಪಾದ ಎತ್ತಿ ದಾಟಿ, ಎಳೆಯಬೇಡಿ.

ಲೋಕಲ್ ರೈಲು: ಪೀಕ್ ಅವರ್‌ನಲ್ಲಿ ಹೀಲ್ಸ್ ಹಾಕಿ ಹತ್ತಬೇಡಿ ಅನ್ನುವುದು ನನ್ನ ಖಡಾಖಂಡಿತ ಮಾತು. ಬ್ರಿಜ್ಜಿನ ಮೆಟ್ಟಿಲಲ್ಲಿ ಹಿಂದಿನವರ ನೂಕು, ಪ್ಲಾಟ್‌ಫಾರ್ಮಿಗೂ ಡಬ್ಬಿಗೂ ನಡುವಿನ ಸಂದಿ, ಒಳಗೆ ಬೇರೆಯವರ ಪಾದ. ನಿಮ್ಮ ಹೀಲು ಚಪ್ಪಲಿ ಹಾಕಿದವನ ಪಾದದ ಮೇಲೆ ಬಿದ್ದರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಬಟ್ಟೆ ಚೀಲದಲ್ಲಿ ಒಯ್ದು ಇಳಿದ ಮೇಲೆ ಬದಲಿಸಿ. ಮಧ್ಯಾಹ್ನ ಖಾಲಿ ಗಾಡಿಯಲ್ಲಿ ಚೌಕ ಹೀಲಿಗೆ ತೊಂದರೆಯಿಲ್ಲ, ಹತ್ತುವಾಗ ಮುಂಗಾಲು ಡಬ್ಬಿಯ ಅಂಚಿಗಿಂತ ಒಳಗೆ ಬೀಳಲಿ. ಜಾಗ ಸಿಗುತ್ತದೆ ಅಂತ ಲೇಡೀಸ್ ಡಬ್ಬಿಗೆ ಯಾರೂ ಹತ್ತಬಾರದು, ಕಾಲಲ್ಲಿ ಏನೇ ಇರಲಿ. ರೈಲ್ವೆ ಕಾಯ್ದೆಯ 162ನೇ ಕಲಮು ಗಂಡಸರಿಗೆ ದಂಡ ಹಾಕುತ್ತದೆ.

ಮೊದಲ ಸಲ ಹೊರಗೆ ನಡೆಯಲು ಮರೀನ್ ಡ್ರೈವ್ ಬೆಳಿಗ್ಗೆ ಹೊತ್ತು ಒಳ್ಳೆಯದು. ಅಗಲ, ಸಮತಟ್ಟು, ಸುಸ್ತಾದರೆ ಕೂರಲು ಉದ್ದಕ್ಕೂ ಕಟ್ಟೆ. ಬಿಕೆಸಿ (ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್) ಫುಟ್‌ಪಾತೂ ಅಗಲ. ಕೊಲಾಬಾ ಕಾಸ್‌ವೇ ಅಂಗಡಿ ಸಾಲು ನೋಡಲು ಚೆನ್ನ, ನಡೆಯಲು ಅಲ್ಲ.

ಕಾನೂನು: ಗಂಡಸು ಹೀಲ್ಸ್ ಹಾಕಬಾರದು ಅನ್ನುವ ಕಾನೂನು ಇಲ್ಲ. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪಿನಲ್ಲಿ, ಉಡುಗೆ ತೊಡುಗೆ ಆರಿಸಿಕೊಳ್ಳುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಅಂದಿದೆ. ಆ ಮೊಕದ್ದಮೆ ತೃತೀಯ ಲಿಂಗಿಗಳ ಹಕ್ಕಿನದು, ಆದರೂ ಮಾತು ಉಡುಗೆಗೆ ಅನ್ವಯಿಸುವಂಥದ್ದು. ದಾರಿಗೆ ಅಡ್ಡ ನಿಂತು ಹೋಗಗೊಡದಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನ ಅಪರಾಧ. 112ಕ್ಕೆ ಫೋನ್ ಮಾಡಿ ಜಾಗ ಹೇಳಿ, ವಾದಕ್ಕೆ ನಿಲ್ಲಬೇಡಿ. ಖಾಸಗಿ ಕ್ಲಬ್ಬು, ಬಾರುಗಳ ಡ್ರೆಸ್ ಕೋಡ್ ಬೇರೆ ವಿಷಯ, ಮೊದಲೇ ಫೋನ್ ಮಾಡಿ ಕೇಳಿಬಿಡುವುದು ವಾಸಿ.

ವಾಸ್ಕೋ_ಪಾಟೀಲ

ಮಳಿಗಾಲದ ಮಾತು ಯಾರೂ ಎತ್ತಲಿಲ್ಲಲ್ರೀ. ಮುಂಬೈ ಇರಲಿ ಗೋವಾ ಇರಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಹೀಲ್ಸ್‌ಗೆ ದೊಡ್ಡ ವೈರಿ ಗುಂಡಿ ಅಲ್ಲ, ಹಸಿ ಗಾಳಿ.

ಪಿಯು (ಪಾಲಿಯುರೆಥೇನ್) ಅಂತ ಬರೆದ ಹಗುರ ಅಡಿ ಇರ್ತದಲ್ಲ, ಅದು ಗಾಳಿಯೊಳಗಿನ ನೀರಿನಂಶ ಹೀರಿ ಒಳಗೊಳಗೇ ಮುರದು ಹೋಗ್ತದ. ಹಾಕದ ಡಬ್ಬಿಯೊಳಗ ಮುಚ್ಚಿಟ್ಟ ಜೋಡಿನೇ ಮೊದಲು ಹೋಗೂದು. ಎರಡು ಮೂರು ವರ್ಷದ ಮ್ಯಾಲ ತಗದು ಮೆಟ್ಟಿದ್ರ ಒಣಗಿದ ರೊಟ್ಟಿಗತೆ ಉದುರ್ತದ. ಇದಕ್ಕ ರಿಪೇರಿ ಇಲ್ಲ. ಟಿಪಿಆರ್ (ಥರ್ಮೋಪ್ಲಾಸ್ಟಿಕ್ ರಬ್ಬರ್) ಇಲ್ಲಾ ರಬ್ಬರ್ ಅಡಿ ಕೇಳಿ ತಗೋರಿ. ಉಗುರಿನಿಂದ ಒತ್ತಿ ನೋಡ್ರಿ, ಪಿಯು ಸ್ಪಂಜಿನಂಗ ಒಳಗ ಹೋಗ್ತದ, ತೂಕಾನೂ ಬಾಳ ಹಗುರ. ಮ್ಯಾಲಿನ ರೆಕ್ಸಿನ್ನೂ ಹೆಚ್ಚಾಗಿ ಇದೇ ಜಾತಿ ಲೇಪ, ಸಿಪ್ಪಿ ಸುಲದಂಗ ಏಳ್ತದ.

ಚರ್ಮದ ಜೋಡಿಗೆ ಬೂಷ್ಟು ಹಿಡಿತದ. ಒರಸಿ, ಫ್ಯಾನಿನ ಗಾಳಿಗೆ ಒಣಗಿಸಿ, ಒಳಗ ನ್ಯೂಸ್‌ಪೇಪರ್ ತುರುಕಿ ಇಡ್ರಿ. ಪೇಪರ್ ಆರು ತಾಸಿಗೊಮ್ಮೆ ಬದಲಿ ಮಾಡ್ಬೇಕು, ತೊಯ್ದ ಪೇಪರ್ ಒಳಗ ಬಿಟ್ರ ಬೂಷ್ಟಿಗೆ ಊಟ ಇಟ್ಟಂಗ. ಬಿಸಲಿಗೆ, ಹೇರ್ ಡ್ರೈಯರಿಗೆ ಹಿಡೀಬ್ಯಾಡ್ರಿ, ಸಲೂಷನ್ ಬಿಡ್ತದ. ಪ್ಲಾಸ್ಟಿಕ್ ಚೀಲ ಬ್ಯಾಡ, ಅರಬಿ (ಬಟ್ಟೆ) ಚೀಲ. ಸಮುದ್ರದ ಗಾಳಿಗೆ ಬಕಲ್ಲು, ಜಿಪ್ಪು ತುಕ್ಕು ಹಿಡಿತಾವ, ಜಿಪ್ಪಿಗೆ ತಿಂಗಳಿಗೊಮ್ಮೆ ಮೇಣದ ಬತ್ತಿ ಉಜ್ಜಿದ್ರ ಸಾಕು.

ಗೋವಾದಾಗ ಉಸುಕಿನ ಮ್ಯಾಲ ಚೌಕ ಹೀಲೂ ಹೂಳ್ತದ, ಅಲ್ಲಿ ವೆಜ್ (ಹೀಲು, ಅಡಿ ಒಂದೇ ತುಂಡಾಗಿರೋದು) ಒಂದೇ ದಾರಿ. ಕೆಂಪು ಕಲ್ಲಿನ ಹಳೀ ಮೆಟ್ಟಲಾ ಮಳಿಗಾಲದಾಗ ಪಾಚಿ ಹಿಡದಿರ್ತಾವ, ಅಲ್ಲಿ ಯಾವ ಹೀಲೂ ಬ್ಯಾಡ.

ಮತ್ತ ಕೊಲ್ಲಾಪುರಿ ಮರೀಬ್ಯಾಡ್ರಿ. 2019ರಾಗ ಜಿಐ (ಭೌಗೋಳಿಕ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಕು ಜಿಲ್ಲಾದ ಜೋಡಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟ, ವಿಜಯಪುರನೂ ಅದರಾಗ ಬಂದಾವ. ಗಂಡಸರ ಸೈಜು, ಗಂಡಸರ ಅಗಲ, ಚರ್ಮದ ಪದರ ಒಂದರ ಮ್ಯಾಲೊಂದು ಕೂಡಿಸಿದ ಹೀಲು. ಮೂರು ಸೆಂ.ಮೀ. ತನಕ ಮಾಡಿಸಿಕೊಂಡ್ರ ಅಭ್ಯಾಸಕ್ಕ ಇದರಂಥಾದ್ದು ಇಲ್ಲ. ನೀರಿಗೆ ಮಾತ್ರ ಇಳಿಸಬ್ಯಾಡ್ರಿ.

ಪುಣೆ_ಕ್ಯಾಂಪ್

ಪ್ಯಾಂಟಿನ ಬಗ್ಗೆ ಚಿಕ್ಕ ಸೇರ್ಪಡೆ, ಯಾಕೆಂದರೆ ಜೋಡಿ ಸರಿಯಿದ್ದೂ ಕೆಡುವುದು ಇಲ್ಲೇ. ದರ್ಜಿ ಹತ್ತಿರ ಹೋಗುವಾಗ ಅದೇ ಹೀಲ್ಸ್ ಒಯ್ದು, ಹಾಕಿಕೊಂಡು ನಿಂತು ಅಳತೆ ಕೊಡಿ. ಹಿಂದೆ ನೆಲದಿಂದ ಒಂದು ಒಂದೂವರೆ ಸೆಂ.ಮೀ. ಮೇಲೆ ಮಡಿಕೆ ನಿಲ್ಲಬೇಕು. ಅದಕ್ಕಿಂತ ಉದ್ದವಾದರೆ ಮೆಟ್ಟಿಲಿಳಿಯುವಾಗ ಹಿಂಗಾಲಿನ ಹೀಲು ಮಡಿಕೆಗೆ ಸಿಕ್ಕಿ ಮುಗ್ಗರಿಸುವುದು ಖಂಡಿತ. ಚಪ್ಪಟೆ ಶೂಗೆ ಹೊಲಿಸಿದ ಪ್ಯಾಂಟು 7 ಸೆಂ.ಮೀ. ಹೀಲಿನ ಮೇಲೆ ಕಣಕಾಲಿಗೆ ಏರಿ ಕೂರುತ್ತದೆ. ಬೇಕೆಂದೇ ಹಾಗೆ ಮಾಡಿದರೆ ಚಂದ, ಅಕಸ್ಮಾತ್ ಆದರೆ ಯಾರದೋ ಪ್ಯಾಂಟು ಹಾಕಿದ ಹಾಗೆ. ಹೀಲ್ಸ್‌ಗೆ ಅಂತ ಎರಡು ಪ್ಯಾಂಟು ಬೇರೆ ಇಡಿ. ಪಂಚೆ ಉಡುವವರಿಗೆ ಈ ಖರ್ಚಿಲ್ಲ, ನಾಲ್ಕು ಬೆರಳು ಇಳಿಸಿ ಕಟ್ಟಿದರಾಯಿತು.

ಅಂಗಡಿಯಲ್ಲಿ "ಯಾರಿಗೆ ಸರ್?" ಅಂತ ಕೇಳಿದರೆ "ನನಗೇ, 43 ತೋರಿಸಿ" ಅಂದುಬಿಡಿ. ಹೆಂಡತಿಗೆ ಅಂದರೆ ಹಾಕಿ ನೋಡಲು ಆಗುವುದಿಲ್ಲ, ಹಾಕಿ ನೋಡದೆ ಕೊಂಡ ಹೀಲ್ಸ್ ಕಪಾಟು ಸೇರುತ್ತದೆ. ಪುಣೆಯಲ್ಲಿ ಕ್ಯಾಂಪಿನ ಫ್ಯಾಷನ್ ಸ್ಟ್ರೀಟು, ತುಳಶೀಬಾಗ್ ಎರಡರಲ್ಲೂ ದೊಡ್ಡ ಸೈಜು ಅಪರೂಪ. ಹೊಸ ಮಾಲು ಬಿಚ್ಚುವ ಹೊತ್ತಿಗೆ, ಅಂದರೆ ವಾರದ ನಡುವೆ ಬೆಳಿಗ್ಗೆ ಹೋಗಿ, ಭಾನುವಾರ ಸಂಜೆ ಅಲ್ಲ.

ಕಲ್ಯಾಣ್_ಸ್ಲೋ

ಬೂಟು ಚರ್ಮದ್ದೇ, ಅಡಿ ಟಿಪಿಆರ್ ಅಂದರು. ಹೀಲು ಚೌಕ, ತುದಿ 3.5 × 4. ಕೊನೆಯ ಪ್ರಶ್ನೆ: ಹೀಲಿನ ತುದಿಯ ರಬ್ಬರು ಯಾವಾಗ ಬದಲಿಸುವುದು, ಸ್ಟೇಷನ್ ಹೊರಗಿನ ಮೋಚಿ ಮಾಡಬಹುದಾ?

ಫರ್ಮಾ_ಕುರ್ಲಾ

ಧಾರಾಳವಾಗಿ. ಸದ್ದೇ ಹೇಳುತ್ತದೆ: ರಬ್ಬರಿನ ಟಪ್ ಟಪ್ ಹೋಗಿ ಲೋಹದ ಟಕ್ ಟಕ್ ಬಂತೋ, ಮೊಳೆಯ ತಲೆ ಹೊರಗೆ ಬಂದಿದೆ. ನುಣುಪು ಗ್ರಾನೈಟ್ ಮೇಲೆ ಜಾರುವುದು ಆಗಲೇ. ಅಷ್ಟು ಕಾಯಬೇಡಿ. ನಡೆಯುವಾಗ ಹಿಂದಿನ ಹೊರಮೂಲೆ ಸಾಮಾನ್ಯವಾಗಿ ಮೊದಲು ಸವೆಯುತ್ತದೆ, ನಿಮ್ಮ ಭಾರಕ್ಕೆ ಇನ್ನೂ ಬೇಗ, ಆ ಮೂಲೆ ಅರ್ಧ ದಪ್ಪಕ್ಕೆ ಬಂದಾಗ ಬದಲಿಸಿ. ಹೀಲಿನ ಪ್ಲಾಸ್ಟಿಕ್ಕೇ ಸವೆದುಹೋದರೆ ಮೇಲೆ ಹೊಸ ರಬ್ಬರು ಸಮ ಕೂರುವುದಿಲ್ಲ.

ಮೋಚಿಗೆ ಮೂರು ಮಾತು ಹೇಳಿ. ಹಳೇದನ್ನು ಪೂರ್ತಿ ಕಿತ್ತು, ಅಡಿ ಸಮ ಮಾಡಿ ಹಾಕಲಿ. ಹಳೇದರ ಮೇಲೇ ಅಂಟಿಸಿದರೆ ಆ ಕಾಲು ಮೂರು ಮಿ.ಮೀ. ಎತ್ತರವಾಗಿ ನಿಮ್ಮ ಸೊಂಟ ನೋಯಬಹುದು. ಒಂದೇ ಕಾಲಿನದು ಸವೆದಿದ್ದರೂ ಎರಡಕ್ಕೂ ಒಟ್ಟಿಗೆ ಹಾಕಲಿ. ಮೊಳೆ ಹೊಡೆಯುವುದಾದರೆ ತಲೆ ರಬ್ಬರಿನೊಳಗೆ ಎರಡು ಮಿ.ಮೀ. ಮುಳುಗಿರಲಿ. ದುಡ್ಡು ಕೊಡುವ ಮೊದಲು ಅಲ್ಲೇ ಅವರ ಹಲಗೆ ಮೇಲೆ ಎರಡನ್ನೂ ನಿಲ್ಲಿಸಿ ಹಿಂದಿನಿಂದ ನೋಡಿ, ಕಾರ್ಡಿನ ಅಂಚು ರಬ್ಬರಿನ ಕೆಳಗೆ ತೂರಬಾರದು. ಹೊಸ ಬೂಟಿನ ಡಬ್ಬಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಒಂದು ಜೊತೆ ತುದಿ ಇಟ್ಟಿರುತ್ತಾರೆ ಕೆಲವರು, ಬಿಸಾಡಬೇಡಿ. 43ರ ಅಳತೆಯದು ಮೋಚಿ ಹತ್ತಿರ ಸಿಗದಿದ್ದರೆ ದೊಡ್ಡ ಹಾಳೆಯಿಂದ ಕತ್ತರಿಸಬೇಕಾಗುತ್ತದೆ.